ನಿವೇಶನ, ಮನೆ ಖರೀದಿ: ಮುಂಗಡಕ್ಕೆ ಮುನ್ನ ದಾಖಲೆ ನೋಡಿ

ಕಡೂರು, ತರೀಕೆರೆ, ಅಜ್ಜಂಪುರ ಪಟ್ಟಣಗಳ ಅಂಚಿನಲ್ಲಿ ನಿವೇಶನ ಅಥವಾ ಮನೆ ಕೊಳ್ಳುವವರು ಮುಂಗಡ ನೀಡುವ ಮೊದಲೇ ದಾಖಲೆ ಪರಿಶೀಲಿಸುವುದು ಕ್ಷೇಮ. ಮಾರುವವರಿಗೇ ಇಲ್ಲದ ಹಕ್ಕು ನೋಂದಣಿಯಾದ ಮಾತ್ರಕ್ಕೆ ಕೊಂಡವರಿಗೆ ದೊರೆಯದು.

ಭೂಪರಿವರ್ತನೆ ಆದೇಶ ಹಾಗೂ ಅನುಮೋದಿತ ಬಡಾವಣೆ ನಕ್ಷೆಯನ್ನು ಕೇಳಿ ಪಡೆಯಿರಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು ನಮೂನೆಗಳನ್ನು, ಪಟ್ಟಣ ವ್ಯಾಪ್ತಿಯಾದರೆ ಇ-ಖಾತೆಯನ್ನು ನೋಡಬೇಕು. ಋಣಭಾರ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳಷ್ಟೇ ಕಾಣುತ್ತವೆ. ಬಾಯಿಮಾತಿನ ಒಪ್ಪಂದ, ನೋಂದಣಿಯಾಗದ ಕರಾರು ಕಾಣುವುದಿಲ್ಲ.

ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಪ್ರತ್ಯೇಕ ತಾಲ್ಲೂಕು ಘೋಷಣೆಯಾದದ್ದು 2017ರಲ್ಲಿ. ಹೀಗಾಗಿ ಹಳೆಯ ಪತ್ರಗಳಲ್ಲಿ ತರೀಕೆರೆ ಎಂದಿದ್ದರೆ ಗಾಬರಿ ಬೇಡ, ಸರ್ವೆ ನಂಬರ್ ಮತ್ತು ಚಕ್ಕುಬಂದಿ ತಾಳೆ ನೋಡಿ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. ಅಂತಹ ಕ್ರಯ ಅಸಿಂಧು. ಕೊಂಡವರು ಹಣ, ನೆಲ ಎರಡನ್ನೂ ಕಳೆದುಕೊಳ್ಳಬಹುದು.

ಪಿತ್ರಾರ್ಜಿತ ಆಸ್ತಿ ಮಾರುವವರು ಹೆಣ್ಣುಮಕ್ಕಳ ಸಹಿಯನ್ನೂ ಪಡೆಯಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಅವರಿಗೂ ಸಮಪಾಲಿದೆ.

ಬಾಡಿಗೆ ಕರಾರಿನ ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮುಂಗಡ ಹಣವನ್ನು ಬ್ಯಾಂಕ್ ಮೂಲಕವೇ ನೀಡಿ, ರಶೀದಿ ಪಡೆಯುವುದು ಒಳಿತು.