ರೈಲು ನೋಡೋಕೆ ಎಲ್ಲಿ ನಿಲ್ಲಬೇಕು? ಜಿಲ್ಲೆಯ ನಾಲ್ಕು ತಾಲ್ಲೂಕಿನ ಜಾಗಗಳು, ನೆನಪುಗಳು

ದೊಡ್ಡಬಳ್ಳಾಪುರ: ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ, ದರ್ಶನ ಮುಗಿಸಿ, ಬರುವಾಗ ಮಾಕಳಿದುರ್ಗದ ಕಡೆ ನಿಂತು ರೈಲು ನೋಡಿ ಬಂದ ನೆನಪು ತಾಲ್ಲೂಕಿನ ಬಹಳ ಮನೆಗಳಲ್ಲಿದೆ. ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಾ ಕೂತರೆ ದೂರದಲ್ಲಿ ಇಂಜಿನ್ ಸದ್ದು ಮೊದಲು, ಆಮೇಲೆ ಹೊಗೆ, ಅದಾದ ಮೇಲೆ ಗಾಡಿ. ಮಕ್ಕಳು ಡಬ್ಬಿ ಎಣಿಸಲು ಶುರು ಮಾಡಿ ಮೂವತ್ತಕ್ಕೆಲ್ಲ ಲೆಕ್ಕ ತಪ್ಪಿಸಿಕೊಳ್ಳೋದು ಮಾಮೂಲಿ.

ಜಾಗ ಈಗಲೂ ಅದೇ. ಆದರೆ ಆಗ ಇದ್ದದ್ದು ಒಂದೇ ಹಳಿ, ಈಗ ಎರಡು. ಆಗ ಡೀಸೆಲ್ ಇಂಜಿನ್, ಈಗ ಕರೆಂಟ್ ಇಂಜಿನ್. ಹಳೆಯ ಅಭ್ಯಾಸದಲ್ಲೇ ಹಳಿ ಮೇಲೆ ನಡೆದು ಹೋಗುವವರು, ಅದರಲ್ಲೂ ರೀಲ್ಸ್ ಮಾಡಲು ಬರುವ ಹುಡುಗರು, ಈ ವ್ಯತ್ಯಾಸ ತಿಳಿದುಕೊಳ್ಳದೇ ಇದ್ದರೆ ಜೀವಕ್ಕೇ ಕುತ್ತು. ಜಿಲ್ಲೆಯಲ್ಲಿ ರೈಲು ಚೆನ್ನಾಗಿ ಕಾಣುವ ಜಾಗ ಯಾವುವು, ಅಲ್ಲಿ ಏನು ಬದಲಾಗಿದೆ ಅನ್ನೋ ವಿವರ ಇಲ್ಲಿದೆ.

ಮಾಕಳಿದುರ್ಗದಲ್ಲೇ ಯಾಕೆ ಅಷ್ಟು ಚೆಂದ?

ಗೌರಿಬಿದನೂರು ಕಡೆಯ ನೆಲ ತಗ್ಗು, ದೊಡ್ಡಬಳ್ಳಾಪುರ ಎತ್ತರ. ಹಿಂದೂಪುರದ ಕಡೆಯಿಂದ ಬೆಂಗಳೂರಿಗೆ ಬರುವ ಪ್ರತಿ ಗಾಡಿಯೂ ತೊಂಡೇಬಾವಿ ದಾಟಿದ ಮೇಲೆ ಏರು ಹತ್ತಲೇಬೇಕು. ನೇರವಾಗಿ ಹತ್ತಿಸಲು ಆಗದ ಕಾರಣ ಹಳಿಯನ್ನು ಬೆಟ್ಟದ ಬುಡ ಬಳಸಿ ತಿರುಗಿಸಿದ್ದಾರೆ. ಹಾಗಾಗಿ ಉದ್ದನೆಯ ಗಾಡಿ ಬಂದರೆ ಮುಂದಿನ ಇಂಜಿನ್ನೂ ಹಿಂದಿನ ಗಾರ್ಡ್ ಡಬ್ಬಿಯೂ ಒಂದೇ ನೋಟಕ್ಕೆ ಸಿಗುತ್ತವೆ. ಭಾರದ ಗೂಡ್ಸ್‌ಗೆ ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್ ಕಟ್ಟುತ್ತಿದ್ದುದನ್ನೂ ಇಲ್ಲಿನವರು ನೋಡಿದ್ದಾರೆ. ಗಾಡಿ ಸೈಕಲ್‌ನಷ್ಟು ನಿಧಾನವಾಗಿ ಹತ್ತೋದು, ನೋಡುವವರಿಗೆ ಅದೇ ಲಾಭ.

ಈ ಮಾರ್ಗ 1890ರ ದಶಕದ ಆರಂಭದ್ದು. ಮೈಸೂರು ಸಂಸ್ಥಾನದ ಕಾಲದಲ್ಲಿ ಯಶವಂತಪುರದಿಂದ ಹಿಂದೂಪುರದ ಗಡಿವರೆಗೆ ಮೀಟರ್‌ಗೇಜ್ ಹಾಕಿದ್ದು. 1980ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಮುಂಬೈ ಕಡೆಯ ಉದ್ಯಾನ್, ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್, ಬಳ್ಳಾರಿ ಮೇಲೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಎಲ್ಲವೂ ಇದೇ ದಾರಿಯವು. ಮುಂಬೈನಿಂದ ಬರುವ ಉದ್ಯಾನ್ ಬೆಳಗಿನ ಹೊತ್ತು ಸಿಗೋದರಿಂದ ಬೇಗ ಎದ್ದು ಹೋದವರಿಗೆ ಒಳ್ಳೆ ಬೆಳಕಿನಲ್ಲಿ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಚಾಲನೆ ಸಿಕ್ಕ ಕಲಬುರಗಿ ವಂದೇ ಭಾರತ್ ಕೂಡ ಇಲ್ಲೇ ಹಾಯುತ್ತದೆ.

ಒಂದೇ ಹಳಿ ಇದ್ದಾಗ ಸ್ಟೇಷನ್‌ಗಳಲ್ಲಿ ಕ್ರಾಸಿಂಗ್ ಅಂತ ಗಾಡಿಗಳನ್ನ ಅರ್ಧ ಗಂಟೆ ನಿಲ್ಲಿಸೋರು. ಪ್ಯಾಸೆಂಜರ್ ಜನ ಇಳಿದು ಕೈಕಾಲು ಆಡಿಸೋರು, ಕಡಲೇಕಾಯಿ, ಸೀಬೆಹಣ್ಣು ಮಾರುವವರಿಗೆ ವ್ಯಾಪಾರ ಆಗೋದು. ಎದುರಿನ ಗಾಡಿ ಭರ್ರ್ ಅಂತ ದಾಟಿದ ಮೇಲೆ ಇವರದು ಹೊರಡೋದು. ಯಲಹಂಕ–ಪೆನುಕೊಂಡ ನಡುವೆ ಜೋಡಿ ಮಾರ್ಗ ಬಂದ ಮೇಲೆ ಆ ಕಾಯುವಿಕೆ ಬಹುಪಾಲು ಹೋಯಿತು. ಪ್ರಯಾಣಿಕರಿಗೆ ಅನುಕೂಲವೇ ಆಯಿತು ಬಿಡಿ. ನಷ್ಟ ಆದದ್ದು ಬುಟ್ಟಿ ಹೊತ್ತವರಿಗೆ.

ಅಪಾಯ ಇರುವುದೂ ಇದೇ ಜೋಡಿ ಹಳಿಯಲ್ಲಿ. ಒಂದು ಗಾಡಿ ಬಂತು ಅಂತ ಪಕ್ಕದ ಹಳಿಗೆ ಸರಿದು ನಿಂತರೆ, ಅದೇ ಹೊತ್ತಿಗೆ ಅಲ್ಲಿ ಎದುರಿನಿಂದ ಇನ್ನೊಂದು ಬರಬಹುದು. ಮೊದಲನೆಯದರ ಸದ್ದಿನಲ್ಲಿ ಎರಡನೆಯದು ಕೇಳೋದೇ ಇಲ್ಲ. ಬೆಂಗಳೂರಿನಿಂದ ಇಳಿಜಾರಿನಲ್ಲಿ ಬರುವ ವಿದ್ಯುತ್ ಗಾಡಿ ಮೊದಲೇ ಅಷ್ಟಾಗಿ ಸದ್ದು ಮಾಡಲ್ಲ, ತಿರುವಿನಲ್ಲಿ ಲೋಕೋ ಪೈಲಟ್‌ಗೆ ನಿಮ್ಮನ್ನು ಕಾಣೋದೂ ತಡ. ಕಂಡು ಬ್ರೇಕ್ ಹಾಕಿದರೂ ಗಾಡಿ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲೋದು. ಮೇಲಿನ ತಂತಿಯಲ್ಲಿ ಇರೋದು 25 ಸಾವಿರ ವೋಲ್ಟ್. ನಿಂತ ಗೂಡ್ಸ್ ವ್ಯಾಗನ್ ಹತ್ತಿ ಸೆಲ್ಫಿ ತೆಗೆಯೋಕೆ ಹೋದವರಿಗೆ ತಂತಿ ಮುಟ್ಟುವುದೇ ಬೇಕಿಲ್ಲ, ಹತ್ತಿರ ಹೋದರೂ ಶಾಕ್ ಹೊಡೆಯುತ್ತದೆ.

ಕಾನೂನೂ ಇದೆ. 1989ರ ರೈಲ್ವೆ ಕಾಯ್ದೆಯ ಸೆಕ್ಷನ್ 147ರಲ್ಲಿ ಅನುಮತಿ ಇಲ್ಲದೆ ಹಳಿ ಮೇಲೆ ಓಡಾಡಿದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂ. ವರೆಗೆ ದಂಡ, ಇಲ್ಲವೇ ಎರಡೂ ಅಂತ ಬರೆದಿದೆ.

ಹಾಗಾದರೆ ನೋಡೋದು ಎಲ್ಲಿಂದ? ಬೆಟ್ಟದ ಮೇಲಿನಿಂದ. ಕೋಟೆಗೆ ಹತ್ತುವ ದಾರಿಯಲ್ಲಿ ಅರ್ಧ ಎತ್ತರಕ್ಕೆ ಬಂದು ತಿರುಗಿ ನೋಡಿದರೆ ಇಡೀ ತಿರುವು ಕೆಳಗೆ ಕಾಣುತ್ತದೆ, ಗಾಡಿ ಹಾವಿನ ಹಾಗೆ ಸರಿಯುತ್ತದೆ. ಹಳಿ ಪಕ್ಕ ನಿಂತವರಿಗೆ ಈ ನೋಟ ಸಿಗೋದೇ ಇಲ್ಲ. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಬೇಕು. ಬೆಟ್ಟ ಹತ್ತಲಾಗದ ಹಿರಿಯರಿಗೆ ದೊಡ್ಡಬಳ್ಳಾಪುರ ಸ್ಟೇಷನ್‌ನ ಪ್ಲಾಟ್‌ಫಾರಂ ಸಾಕು. 10 ರೂ. ಪ್ಲಾಟ್‌ಫಾರಂ ಟಿಕೆಟ್ ತಗೊಂಡರೆ ಎರಡು ಗಂಟೆ ಕೂರಬಹುದು.

ಗೇಟ್ ಹಾಕಿದ್ರು!

ರೈಲು ನೋಡಲೆಂದೇ ಹೋಗದವರಿಗೂ ರೈಲು ತೋರಿಸಿದ್ದು ಗೇಟ್. ಸ್ಕೂಲಿಗೆ ತಡವಾದರೆ ‘ಗೇಟ್ ಹಾಕಿದ್ರು ಸಾರ್’ ಅನ್ನೋ ನೆಪ, ಸ್ಕೂಟರ್ ಆಫ್ ಮಾಡಿ ಕಾಯುವ ಅಪ್ಪ, ಟ್ಯಾಂಕ್ ಮೇಲೆ ಕೂತು ಕೈ ಬೀಸುವ ಮಗು. ಹಳಿ ಮೇಲೆ ಹತ್ತು ಪೈಸೆ ಇಟ್ಟು ಚಪ್ಪಟೆ ಮಾಡಿಸಿಕೊಂಡವರೂ ಇದ್ದಾರೆ. ಅದನ್ನು ಮಕ್ಕಳಿಗೆ ಹೇಳಿಕೊಡುವುದು ಬೇಡ. ಗೇಟ್‌ಗಳ ಬದಲು ಅಂಡರ್‌ಪಾಸ್, ಮೇಲ್ಸೇತುವೆ ಬಂದ ಕಡೆಗಳಲ್ಲಿ ಕಾಯೋದು ತಪ್ಪಿತು. ಆದರೆ ಗೇಟ್ ಮುಂದೆ ನಿಲ್ಲುವ ಗಾಡಿಗಳನ್ನೇ ನಂಬಿದ್ದ ಟೀ ಅಂಗಡಿ, ಎಳನೀರು ವ್ಯಾಪಾರವೂ ಅದರ ಜೊತೆಗೇ ಹೋಯಿತು. ಮಳೆ ಬಂದಾಗ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲೋ ಕಥೆ ಬೇರೆ, ಅದನ್ನ ಇನ್ನೊಮ್ಮೆ ಬರೆಯೋಣ. ಗೇಟ್ ಇನ್ನೂ ಇರುವ ಕಡೆ ಮುಚ್ಚಿದ ಗೇಟ್ ಕೆಳಗೆ ಬೈಕ್ ನುಗ್ಗಿಸಬೇಡಿ.

ದೇವನಹಳ್ಳಿಯ ಚಿಕ್ಕ ರೈಲು

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗ ಮೊದಲು ನ್ಯಾರೋಗೇಜ್. ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ಓಡಿ ಹೋಗಿ ಹತ್ತಬಹುದಾದಷ್ಟು ನಿಧಾನದ ಗಾಡಿ ಅಂತ ಹಿರಿಯರು ಇವತ್ತಿಗೂ ತಮಾಷೆ ಮಾಡುತ್ತಾರೆ. 1990ರ ದಶಕದಲ್ಲಿ ಇದು ಬ್ರಾಡ್‌ಗೇಜ್ ಆಯಿತು. ಹಳಿ ಬದಲಾದರೂ ಹಳೆಯ ಸ್ಟೇಷನ್ ಕಟ್ಟಡಗಳು ಉಳಿದವು, ಇದು ಈ ಮಾರ್ಗದ ಪುಣ್ಯ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಕಟ್ಟಡಗಳು ನೂರು ವರ್ಷ ದಾಟಿದಂಥವು. ಬಹಳ ಕಾಲ ಪಾಳು ಬಿದ್ದಿದ್ದ ಇವುಗಳ ದುರಸ್ತಿಯನ್ನು ಇತ್ತೀಚಿನ ವರ್ಷಗಳಲ್ಲಿ ನೈರುತ್ಯ ರೈಲ್ವೆ ಇಂಟ್ಯಾಕ್ ಸಂಸ್ಥೆಯ ಜೊತೆ ಸೇರಿ ಕೈಗೆತ್ತಿಕೊಂಡಿತು.

ಇಲ್ಲಿ ಗಾಡಿಗಳು ಕಡಿಮೆ, ಗಡಿಬಿಡಿಯೂ ಕಡಿಮೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಯವರಿಗೆ ಜಿಲ್ಲೆಯಲ್ಲಿ ಮೊದಲು ಹೇಳಬೇಕಾದ ಜಾಗ ಆವತಿಹಳ್ಳಿ ಸ್ಟೇಷನ್. ಟೈಮ್ ನೋಡಿಕೊಳ್ಳದೆ ಹೋದರೆ ಮಾತ್ರ ಗಂಟೆಗಟ್ಟಲೆ ಖಾಲಿ ಹಳಿ ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ. 2021ರ ಜನವರಿ 4ರಂದು ಶುರುವಾದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಕೂಡ ಇದೇ ಮಾರ್ಗದಲ್ಲಿದೆ. ಅಲ್ಲಿ ನಿಂತರೆ ರೈಲಿಗೆ ಕಾಯುವಷ್ಟರಲ್ಲಿ ತಲೆ ಮೇಲೆ ನಾಲ್ಕಾರು ವಿಮಾನ ಹೋಗಿರುತ್ತವೆ. ಮಕ್ಕಳು ಯಾವುದನ್ನು ನೋಡಬೇಕು ಅಂತ ಗಲಿಬಿಲಿ ಆಗುತ್ತಾರೆ.

ನೆಲಮಂಗಲ: ರೈಲಿನ ಮೇಲೆ ಲಾರಿ

ಬೆಂಗಳೂರು–ತುಮಕೂರು ಹಳಿ 1884ರದ್ದು. ದೊಡ್ಡಬೆಲೆ, ಮುದ್ದಲಿಂಗನಹಳ್ಳಿ, ನಿಡವಂದ ಸ್ಟೇಷನ್‌ಗಳು ಈ ತಾಲ್ಲೂಕಿನವೇ. ದಾಬಸ್‌ಪೇಟೆ ಪಕ್ಕದ ನಿಡವಂದದಲ್ಲಿ ನಿಂತರೆ ಶಿವಗಂಗೆ ಬೆಟ್ಟವೂ ಗಾಡಿಯೂ ಒಟ್ಟಿಗೆ ಸಿಗುತ್ತವೆ. ನೆಲಮಂಗಲ ಟೌನ್ ಮೂಲಕ ಹಾಸನಕ್ಕೆ ನೇರ ರೈಲು ಓಡಿದ್ದು ಮಾತ್ರ 2017ರ ಮಾರ್ಚ್ 26ರಂದು. 1996–97ರಲ್ಲಿ ಮಂಜೂರಾದ ಯೋಜನೆ, ಇಪ್ಪತ್ತು ವರ್ಷ ಹಿಡಿಯಿತು! ಮಂಗಳೂರಿಗೆ ಹೋಗುವ ಗಾಜಿನ ವಿಸ್ಟಾಡೋಮ್ ಡಬ್ಬಿ ಇದೇ ಹಳಿಯಲ್ಲಿ ಹಗಲಲ್ಲಿ ಸಾಗುತ್ತದೆ.

ಲಾರಿಗೆ ಹೆಸರಾದ ಊರಿನವರು ಮರೆಯಲಾರದ ದೃಶ್ಯ 2020ರ ಆಗಸ್ಟ್ 30ರದ್ದು. ಸರಕು ತುಂಬಿದ ಲಾರಿಗಳನ್ನೇ ತೆರೆದ ವ್ಯಾಗನ್ ಮೇಲೆ ಹತ್ತಿಸಿಕೊಂಡ ರೋ–ರೋ ರೈಲು ಅಂದು ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೆ ಹೊರಟಿತು. ದೂರ 682 ಕಿ.ಮೀ. ಡ್ರೈವರ್‌ಗಳು ಸ್ಟೇರಿಂಗ್ ಹಿಡಿಯದೇ ಊರು ದಾಟಿದರು.

ಹೊಸಕೋಟೆ

ಟೌನಿಗೆ ರೈಲೇ ಇಲ್ಲ, ಜನ ವೈಟ್‌ಫೀಲ್ಡ್‌ಗೆ ಹೋಗಿ ಹತ್ತಬೇಕು. ವಿಚಿತ್ರ ಅಂದರೆ ರಾಜ್ಯದ ಅತ್ಯಂತ ಹಳೆಯ ಹಳಿ, 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ನಿಂದ ಜೋಲಾರಪೇಟೆಗೆ ಹಾಕಿದ್ದು, ಇದೇ ತಾಲ್ಲೂಕಿನ ದೇವನಗೊಂದಿಯಲ್ಲಿ ಹಾಯುತ್ತದೆ. ತೈಲ ಡಿಪೋಗಳಿರುವ ಕಾರಣ ಇಲ್ಲಿ ಟ್ಯಾಂಕರ್ ವ್ಯಾಗನ್‌ಗಳ ಸಾಲು ನೋಡಬಹುದು. ಡಿಪೋ ಕಡೆ ಕ್ಯಾಮೆರಾ ತಿರುಗಿಸಬೇಡಿ. 2022ರ ನವೆಂಬರ್ 11ರಂದು ಚಾಲನೆ ಸಿಕ್ಕ ಮೈಸೂರು–ಚೆನ್ನೈ ವಂದೇ ಭಾರತ್, ದಕ್ಷಿಣ ಭಾರತದ ಮೊದಲನೆಯದು, ಇಲ್ಲಿ ನಿಲ್ಲದೆ ಹೋಗುತ್ತದೆ. ಪ್ಲಾಟ್‌ಫಾರಂನ ಹಳದಿ ಗೆರೆಗಿಂತ ಒಳಗೆ, ಮಗುವಿನ ಕೈ ಹಿಡಿದು ನಿಲ್ಲಿ. ಆ ವೇಗಕ್ಕೆ ಬೀಸುವ ಗಾಳಿ ಜೋರಾಗಿರುತ್ತದೆ.

ಹೋಗುವ ಮುನ್ನ 139ಕ್ಕೆ ಕರೆ ಮಾಡಿದರೆ ಗಾಡಿ ಎಷ್ಟು ತಡ ಅಂತ ಗೊತ್ತಾಗುತ್ತದೆ. ಹಳಿ ಮೇಲೆ ಕಲ್ಲು, ದನ ಅಥವಾ ಜನ ಕಂಡರೂ ಇದೇ ನಂಬರಿಗೆ ತಿಳಿಸಿ.