ಕಲ್ಲಚ್ಚಿನ ಪಾಠ

ನಮ್ಮ ಬಾಸೆಲ್ ಮಿಷನ್ ಸಭೆಗಳ ಚರಿತ್ರೆಯನ್ನು 1834ರ ಅಕ್ಟೋಬರ್ 30ರಿಂದ, ಅಂದರೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮಿಷನರಿಗಳು ಮಂಗಳೂರಿಗೆ ಬಂದಿಳಿದ ದಿನದಿಂದ, ತೊಡಗುವುದು ವಾಡಿಕೆ. ನನ್ನ ಕಣ್ಣು ಮಾತ್ರ 1844ರ ಜನವರಿ 6ರ ಮೇಲೆ ನಿಲ್ಲುತ್ತದೆ. ಅಂದು ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಇನ್ನಿಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಊರು ಕೆರಳಿತು. ಬಂಧುಗಳು ಅವನನ್ನು ಹೊರಗಿಟ್ಟರು. ಹೆಂಡತಿಯನ್ನೂ ಅವನ ಬಳಿಗೆ ಕಳಿಸಲಿಲ್ಲ.

ಆ ಸಿಟ್ಟನ್ನು ಬರೀ ಮೊಂಡುತನವೆನ್ನುವವರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಓದಲೆಂದು ಕಳಿಸಿದ ಮಗ ಪಂಕ್ತಿಗೇ ಬಾರದವನಾದರೆ ಯಾವ ಮನೆ ಸುಮ್ಮನಿದ್ದೀತು?

ಕೌಂಡಿನ್ಯನ ಗುರುವಾಗಿದ್ದ ಮಿಷನರಿ ಹರ್ಮನ್ ಮೋಗ್ಲಿಂಗ್ ಆ ದೀಕ್ಷಾಸ್ನಾನಕ್ಕೆ ಆರು ತಿಂಗಳ ಹಿಂದಷ್ಟೇ, 1843ರ ಜುಲೈ 1ರಂದು, 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದರು. ಊರು ಮುನಿದ ಮೇಲೆ ಅವರು ಬೋಧನೆ ನಿಲ್ಲಿಸಲಿಲ್ಲ, ಆದರೆ ಎದುರಾಳಿಗಳ ಪುಸ್ತಕ ಓದುವುದನ್ನೂ ಬಿಡಲಿಲ್ಲ. 1848ರಿಂದ ಅವರ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಅಚ್ಚಾದವು. 1850ರಲ್ಲಿ ದಾಸರ ಪದಗಳು. ಹಣ ಕೊಟ್ಟವರು ಮದ್ರಾಸಿನ ನ್ಯಾಯಾಧೀಶರಾಗಿದ್ದ ಕಾಸಮೇಜರ್. ಪಾದ್ರಿಯೊಬ್ಬರು ಹರಿದಾಸರ ಪದ ಅಚ್ಚುಹಾಕಿಸಿದ್ದು ನಮ್ಮ ಕೆಲವು ಹಿರಿಯರಿಗೆ ಇಂದಿಗೂ ಮುಜುಗರ!

ಈ ಪುಸ್ತಕಗಳು ಮೂಡಿದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನ ಕೆಲಸ ಅವಸರದ್ದಲ್ಲ. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು. ನೀರು ಸವರಿದರೆ ಬರಿಗಲ್ಲು ನೀರು ಹಿಡಿಯುತ್ತದೆ, ಅಕ್ಷರ ಹಿಡಿಯುವುದಿಲ್ಲ. ಮೇಲೆ ಮಸಿಯ ಉರುಳೆ ಹಾಯಿಸಿದರೆ ಅಕ್ಷರಕ್ಕಷ್ಟೇ ಮಸಿ ಅಂಟುತ್ತದೆ. ಒಂದೊಂದು ಪುಟಕ್ಕೂ ಇಷ್ಟು ಪಾಡು. ಹೀಗೆ ಬಂದ ಹಾಳೆಯಲ್ಲಿ ಮೊಳೆಯಚ್ಚಿನ ಬಿಗುವಿಲ್ಲ. ಕೈಬರಹದ ಬಾಗು ಬಳುಕು ಹಾಗೇ ಉಳಿಯುತ್ತದೆ.

ಮೋಗ್ಲಿಂಗರು ಪುರಾಣಗಳಿಗೆ ಮಾರುಹೋದರೆಂದಲ್ಲ. ಅವರದು ಕಡೆತನಕ ಮಿಷನರಿಯ ದೃಷ್ಟಿಯೇ. ಆದರೆ ಜನ ಯಾವ ಮಾತಿನಲ್ಲಿ ದೇವರನ್ನು ಕರೆಯುತ್ತಾರೆಂದು ತಿಳಿಯದೆ ಅವರೆದುರು ದೇವರ ಮಾತಾಡಲು ಅವರು ಹೊರಡಲಿಲ್ಲ. ಬಯಲಲ್ಲಿ ನಿಂತು ಕೂಗಿದ ಉಪದೇಶಗಳಿಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ.

ಬಾಸೆಲಿಗೆ ಓದಲು ಹೋಗಿದ್ದ ಕೌಂಡಿನ್ಯರು 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. ಅಷ್ಟರಲ್ಲಿ ದಾಸರ ಪದಗಳು ಅದೇ ಮಿಷನ್ನಿನ ಅಚ್ಚುಕೂಟದಿಂದ ಹೊರಬಂದಿದ್ದವು. ಹೆಂಡತಿ ಮಾತ್ರ ಬರಲಿಲ್ಲ. 1860ರಲ್ಲಿ ಅವರು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದರು. ಅವರ ಹೆಸರು ಹೊತ್ತ ಆನಂದಪುರ ಕೊಡಗಿನಲ್ಲಿ ಈಗಲೂ ಇದೆ.