ಉತ್ತಮಾಂಗ: ಪದದ ಮೂಲ ಮತ್ತು ಶರಣರ ನಿಲುವು

ದೇಹದ ಅಂಗಗಳನ್ನು ಹೆಸರಿಸುವಾಗ ತಲೆಯನ್ನು ‘ಉತ್ತಮಾಂಗ’ವೆಂದು ಕರೆಯುವುದು ಪ್ರಾಚೀನ ರೂಢಿ. ಅಮರಕೋಶವು ಉತ್ತಮಾಂಗ, ಶಿರ, ಶೀರ್ಷ, ಮೂರ್ಧ, ಮಸ್ತಕ ಎಂಬ ಐದು ಪದಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣವೂ ಸಕಲ ಇಂದ್ರಿಯಗಳೂ ಆಶ್ರಯಿಸಿರುವುದರಿಂದ ಅದು ಉತ್ತಮಾಂಗವೆನಿಸಿತೆಂದು ಚರಕಸಂಹಿತೆಯು ವಿವರಿಸುತ್ತದೆ. ಕನ್ನಡದ ‘ತಲೆ’ಯಾದರೋ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ಅದು ‘ತಲೈ’, ತುಳುವಿನಲ್ಲಿ ‘ತರೆ’.

‘ಉತ್’ ಎಂದರೆ ಮೇಲೆ; ‘ತಮ’ ಎಂಬುದು ಅತಿಶಯವನ್ನು ಸೂಚಿಸುವ ಪ್ರತ್ಯಯ. ಹೀಗೆ ಉತ್ತಮಾಂಗದ ಮೂಲಾರ್ಥ ‘ಎಲ್ಲಕ್ಕಿಂತ ಮೇಲಿರುವ ಅಂಗ’ ಎಂಬುದು. ಮೇಲಿರುವುದೇ ಶ್ರೇಷ್ಠವೆಂಬ ಭಾವವೂ ಅದರೊಡನೆ ಬೆರೆತಿದೆ. ಪುರುಷಸೂಕ್ತದಲ್ಲಿ ವಿರಾಟ್ ಪುರುಷನ ಮುಖವು ಬ್ರಾಹ್ಮಣನಿಗೂ ಪಾದವು ಶೂದ್ರನಿಗೂ ಸಂದವು. ದೇಹದ ಮೇಲು ಕೆಳಗುಗಳು ಸಮಾಜದಲ್ಲಿ ಮೇಲು ಕೀಳುಗಳಾಗಿ ನಿಂತವು.

12ನೆಯ ಶತಮಾನದ ಶರಣರು ಈ ಲೆಕ್ಕವನ್ನು ಒಪ್ಪಲಿಲ್ಲ. ಬಸವಣ್ಣನವರು ದೇಹವನ್ನೇ ದೇಗುಲವೆಂದು ಕಂಡು ಕಾಲಿಗೆ ಕಂಬದ ಸ್ಥಾನವನ್ನೂ ತಲೆಗೆ ಕಳಶದ ಸ್ಥಾನವನ್ನೂ ಕೊಟ್ಟರು. ಆ ಕಳಶ ಒಂದು ಕುಲದ ಸೊತ್ತಲ್ಲ; ದೇಹವುಳ್ಳ ಪ್ರತಿಯೊಬ್ಬನದು. ಸಮಗಾರ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಪಾದರಕ್ಷೆಗಳನ್ನು ಬಸವಣ್ಣನವರು ಮೆಟ್ಟದೆ ಶಿರದ ಮೇಲೆ ಹೊತ್ತರೆಂದು ಶರಣ ಪರಂಪರೆ ಹೇಳುತ್ತದೆ. ಪಾದದ ವಸ್ತು ಉತ್ತಮಾಂಗವನ್ನೇರಿದಾಗ ಮೇಲು ಕೀಳಿನ ಅಳತೆಗೋಲೇ ಮುರಿಯಿತು. ಮುಂದೆ ಹರಳಯ್ಯ ಮಧುವರಸರ ಮನೆಗಳ ಮದುವೆಗಾಗಿ ಇಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಶರಣರು ಕಲ್ಯಾಣವನ್ನು ತೊರೆಯಬೇಕಾಯಿತು.

ಅವರಲ್ಲಿ ಚೆನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರು. ದಾಂಡೇಲಿ, ಕುಳಗಿ, ಜೋಯಿಡಾಗಳನ್ನು ಆವರಿಸಿರುವ ಕಾಡುಸೀಮೆಯಲ್ಲಿ ಆ ಕ್ಷೇತ್ರವಿದೆ. ಮಾಘಮಾಸದ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರು ಅಲ್ಲಿ ತಲೆಬಾಗುತ್ತಾರೆ. ಅಂಗ ಲಿಂಗಗಳ ಸಂಬಂಧವನ್ನು ಬಿಡಿಸಿ ಹೇಳುವ ‘ಕರಣಹಸಿಗೆ’ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಲಿಂಗದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ. ಇದೇ ಹಸ್ತಮಸ್ತಕ ಸಂಯೋಗ. ಬ್ರಹ್ಮರಂಧ್ರದಲ್ಲಿರುವ ಚಿತ್ಕಳೆಯನ್ನು ಇಷ್ಟಲಿಂಗದಲ್ಲಿ ನೆಲೆಗೊಳಿಸಿ ಕರಸ್ಥಲಕ್ಕೆ ಕೊಡುವುದು ಅದರ ಮರ್ಮ. ನೆತ್ತಿಯಲ್ಲಿ ಅಡಗಿದ್ದ ಚೈತನ್ಯ ದುಡಿಯುವ ಕೈಗೆ ಇಳಿದು ಬರುತ್ತದೆ. ಆ ಕೈಯ ಮುಂದೆ ಬಾಗಿದ ಶಿರವೇ ಉತ್ತಮಾಂಗ. ಎತ್ತರದಲ್ಲಿದ್ದೂ ಬಾಗಲರಿಯದುದು ಬರಿಯ ತಲೆ.